ಮಲ್ಲೇಶಪ್ಪನವರ ಕೈ

ಮಲ್ಲೇಶಪ್ಪನವರನ್ನು ನಾನು ಮೊದಲು ನೋಡಿದಾಗ ಅವರು ಒಂದು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಸೈಲೆನ್ಸರಿನ ಬಾಯಿಗೆ ಕ್ಯಾಲೆಂಡರಿನ ಹಾಳೆ ಹಿಡಿದುಕೊಂಡಿದ್ದರು. ದಿನಕ್ಕೊಂದು ಹರಿಯುವ ಕ್ಯಾಲೆಂಡರಿನ ಹಾಳೆ ಅದು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಅಚ್ಚಾಗಿತ್ತು. ಎಂಜಿನ್ ಓಡುತ್ತಿತ್ತು. ಹೊಗೆಯ ರಭಸಕ್ಕೆ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ನಡುನಡುವೆ ಮಾತ್ರ, ಒಳಗೆ ಯಾರೋ ಉಸಿರೆಳೆದುಕೊಂಡ ಹಾಗೆ, ಪೈಪಿನ ಬಾಯಿಗೆ ಹೋಗಿ ಅಂಟಿಕೊಂಡು ಮತ್ತೆ ಬಿಡುತ್ತಿತ್ತು. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾಡಿ ಹಿಡಿದು ಕೂತ ಹಳೆಯ ಕಾಲದ ಪಂಡಿತರು ಹೀಗೇ ಇರುತ್ತಿದ್ದರೇನೋ ಅನ್ನಿಸಿತು.

"ಒಳಗೆಳೀತಿದೆ ನೋಡಿ" ಎಂದರು, ನಾನು ಯಾರು ಎಂದೂ ಕೇಳದೆ. "ಒಂದು ವಾಲ್ವ್ ಸರಿಯಾಗಿ ಬಾಯಿ ಮುಚ್ತಿಲ್ಲ. ಪಾಪ, ಎಷ್ಟು ದಿನದಿಂದ ಹಿಂಗೇ ಓಡ್ಸಿದಾರೋ."

ತೊಂಬತ್ತರ ದಶಕದ ಆರಂಭದ ಮಾತು. ನಾನು ಸರ್ಕಾರಿ ಕೆಲಸ ಬಿಟ್ಟು ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸಣ್ಣ ಕ್ಲಿನಿಕ್ ತೆರೆದಿದ್ದೆ. ಎಸ್ಟೇಟುಗಳ ಕೂಲಿಯಾಳುಗಳ ಲೈನ್ ಮನೆಗಳಿಗೆ ಹೋಗಿ ಬರಬೇಕಲ್ಲ ಎಂದು ಒಂದು ಹಳೆಯ ಕಾರು ಕೊಂಡಿದ್ದೆ. ಆಗ ಊರಿನ ಮುಕ್ಕಾಲು ಪಾಲು ಕಾರುಗಳಿದ್ದ ಹಾಗೆಯೇ ದುಂಡು ಮೂತಿಯ, ಬಿಳಿ ಬಣ್ಣದ, ಆನೆಯಂಥ ಕಾರು. ಅದನ್ನು ಯಾರಿಗೆ ತೋರಿಸಲಿ ಎಂದು ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳಿದ್ದರು.

ಮಲ್ಲೇಶಪ್ಪನವರದು ಊರಿನ ಹಳೆಯ ಜವಳಿ ಅಂಗಡಿಯ ಮನೆತನ. ಅಣ್ಣ ಗಾದಿಯ ಮೇಲೆ ಕೂತು ಸೀರೆ ಬಿಡಿಸಿ ತೋರಿಸುತ್ತಿದ್ದರೆ, ತಮ್ಮ ಹ್ಯಾಂಡ್‌ಪೋಸ್ಟ್ ಕಡೆಯ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾರಿನ ಕೆಳಗೆ ಮಲಗಿರುತ್ತಿದ್ದರು. ಬೆಳಿಗ್ಗೆ ಬರುವಾಗ ಹಣೆಯ ಮೇಲೆ ಅಚ್ಚುಕಟ್ಟಾಗಿ ಮೂರು ಬೆರಳಿನ ವಿಭೂತಿ. ಬೆವರು ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ಮಧ್ಯಾಹ್ನದ ಹೊತ್ತಿಗೆ ಅದೇ ಜಾಗದಲ್ಲಿ ಮೂರು ಕರಿ ಪಟ್ಟೆ. ಒಬ್ಬರೇ ಕೆಲಸ ಮಾಡುತ್ತಿದ್ದರು. ಯಾರನ್ನಾದರೂ ಜೊತೆಗಿಟ್ಟುಕೊಳ್ಳಬಾರದೇ ಎಂದರೆ, "ಇನ್ನೊಬ್ರು ಬಿಗಿ ಮಾಡಿದ ಬೋಲ್ಟು ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲಮ್ಮ" ಎನ್ನುತ್ತಿದ್ದರು.

ಕಾರಿನ ಜೊತೆ ಮಾತಾಡುವ ಅಭ್ಯಾಸ ಅವರಿಗಿತ್ತು. ನಮಗೆಲ್ಲ ನೀವು, ನಿಮ್ಮ; ಕಾರಿಗೆ ಮಾತ್ರ ಸಲಿಗೆ. "ಏನಾಯ್ತು ಮಾರಾಯ್ತಿ ನಿಂಗೆ? ನಿನ್ನೆ ಸರಿ ಇದ್ಯಲ್ಲ" ಎಂದು ಬಾನೆಟ್ಟಿನೊಳಗೆ ತಲೆ ಹಾಕಿ ಕೇಳುತ್ತಿದ್ದರು. ಬಿಚ್ಚಿದ ಹಳೆಯ ಸಾಮಾನನ್ನು ಎಂದೂ ಎಸೆಯುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಪೇಪರಿನಲ್ಲಿ ಸುತ್ತಿ, ಏನು ಹೋಗಿತ್ತು, ಯಾಕೆ ಹೋಗಿತ್ತು ಎಂದು ವಿವರಿಸಿ ನಮ್ಮ ಕೈಗೇ ಕೊಡುತ್ತಿದ್ದರು. ನಾವು ಪಿತ್ತಕೋಶದ ಕಲ್ಲು ತೆಗೆದು ಮನೆಯವರಿಗೆ ತೋರಿಸುತ್ತೇವಲ್ಲ, ಹಾಗೆ. ಯಾಕೆ ಎಂಬುದು ತಿಳಿಯದೆ ಹೊಸ ಸಾಮಾನು ಹಾಕುವುದು ಅವರ ಪ್ರಕಾರ ಕಳ್ಳತನ.

ಮೊದಲ ಸಲ ನನ್ನ ಕಾರನ್ನು ಊರು ಸುತ್ತಿಸಿಕೊಂಡು ಬಂದವರು ಕೈ ಒರೆಸಿಕೊಳ್ಳುತ್ತ ನಿಂತರು. ಆಮೇಲೆ, "ಅಮ್ಮ, ತಪ್ಪು ತಿಳ್ಕೋಬಾರ್ದು. ನೀವು ಎಡಗಾಲನ್ನ ಕ್ಲಚ್ ಮೇಲೇ ಇಟ್ಕೊಂಡು ಓಡಿಸ್ತೀರಿ" ಎಂದರು.

"ಇಲ್ಲವಲ್ಲ" ಎಂದೆ.

"ಗಾಡಿ ಹೇಳ್ತಿದೆ, ನಾನಲ್ಲ."

ಅವತ್ತು ಮನೆಗೆ ಹೋಗುವಾಗ ನೋಡಿಕೊಂಡೆ. ಕಾಲು ಕ್ಲಚ್ಚಿನ ಮೇಲೇ ಇತ್ತು.

ಅದಾದ ಮೇಲೆ ಹತ್ತು ವರ್ಷ ಆ ಕಾರು ನನ್ನನ್ನು ಒಂದು ದಿನವೂ ನಡುದಾರಿಯಲ್ಲಿ ಬಿಡಲಿಲ್ಲ. ಬಾಳೂರು, ಕಳಸ, ಕೊಟ್ಟಿಗೆಹಾರದಾಚೆಯ ಎಸ್ಟೇಟುಗಳು, ಎಲ್ಲಿಗೆ ಬೇಕೆಂದರೆ ಅಲ್ಲಿಗೆ. ಮಲ್ಲೇಶಪ್ಪನವರು ಆರು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಕಟ್ಟುತ್ತಿದ್ದರು. ಅವರ ಹೆಂಡತಿ ಶಾಂತಮ್ಮ ಸಕ್ಕರೆ ಕಾಯಿಲೆಗೆ ನನ್ನ ಬಳಿ ಬರುತ್ತಿದ್ದರು. "ನಿಮ್ಮ ಗಾಡಿ ಅಂದ್ರೆ ಇವ್ರಿಗೆ ಊಟ ಬೇಡ, ನಿದ್ದೆ ಬೇಡ" ಎಂದು ನಗುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನಕ್ಕೆ, ದೇವರಮನೆ ಬೆಟ್ಟದ ಕಡೆ ಏರು ಹತ್ತುವಾಗ ಕಾರು ಮೊದಲ ಸಲ ಉಬ್ಬಸ ಬಂದವರ ಹಾಗೆ ಮಾಡಿತು. ಆಕ್ಸಿಲರೇಟರ್ ಒತ್ತಿದರೂ ಎಳೆಯಲಿಲ್ಲ. ಹೇಗೋ ತಿರುಗಿಸಿ ಶೆಡ್ಡಿಗೆ ತಂದೆ. ಕ್ಯಾಲೆಂಡರಿನ ಹಾಳೆ ಹಿಡಿದರು. ಒಳಗೆಳೆಯಿತು. ಎಂಜಿನ್ನಿನ ತಲೆಭಾಗವನ್ನು, ಹೆಡ್ ಅನ್ನುತ್ತಾರಲ್ಲ ಅದನ್ನು, ಬಿಚ್ಚಿ ಒಂದು ವಾಲ್ವ್ ತೆಗೆದು ತೋರಿಸಿದರು. ಅಣಬೆಯ ಆಕಾರದ ಉಕ್ಕಿನ ತುಂಡು. ಸುಟ್ಟ ಹೊಗೆಯನ್ನು ಹೊರಗೆ ಬಿಟ್ಟು ಮತ್ತೆ ಬಿಗಿಯಾಗಿ ಮುಚ್ಚಿಕೊಳ್ಳುವ ಮುಚ್ಚಳ ಅದು. ಅದರ ಅಂಚು ಹಪ್ಪಳ ಮುರಿದ ಹಾಗೆ ಒಂದು ಕಡೆ ತಿಂದುಹೋಗಿತ್ತು.

"ಸಂದಿ ಬಿಟ್ಟಿದೆ, ಬೆಂಕಿ ನುಗ್ಗಿದೆ, ಸುಟ್ಟಿದೆ" ಎಂದರು. "ವಯಸ್ಸಾಯ್ತಲ್ಲ ಇದಕ್ಕೂ. ಹೊಸದು ಹಾಕ್ತೀನಿ."

ಹಾಕಿದರು. ಐದು ತಿಂಗಳಿಗೆ ಪಕ್ಕದ ವಾಲ್ವ್ ಸುಟ್ಟಿತು. ಅದನ್ನು ಬದಲಾಯಿಸಿದರು. ಮತ್ತೆ ನಾಲ್ಕು ತಿಂಗಳಿಗೆ ಮೊದಲಿನದೇ.

ಮಲ್ಲೇಶಪ್ಪನವರ ನಗು ನಿಂತದ್ದು ಅಲ್ಲಿಂದ. ರೇಡಿಯೇಟರ್ ಬಿಚ್ಚಿ ತೊಳೆದರು. ಕಾರ್ಬುರೇಟರ್ ಬದಲಾಯಿಸಿದರು. ಬೇರೆ ಕಡೆಯಿಂದ ವಾಲ್ವ್ ತರಿಸಿದರು. ವಾಲ್ವಿಗೆ ಪೇಸ್ಟ್ ಹಚ್ಚಿ, ಅದು ಕೂರುವ ಜಾಗದಲ್ಲಿಟ್ಟು, ಎರಡು ಅಂಗೈ ನಡುವೆ ಕಡೆಗೋಲು ತಿರುಗಿಸುವ ಹಾಗೆ ಗಂಟೆಗಟ್ಟಲೆ ಉಜ್ಜಿ ಕೂರಿಸಿದರು. ಪ್ರತಿ ಹದಿನೈದು ದಿನಕ್ಕೆ ಕ್ಲಿನಿಕ್ಕಿಗೇ ಬಂದು, ಹೊರಗೆ ನಿಂತ ಕಾರಿನ ಬಾನೆಟ್ ತೆಗೆದು, ತೆಳು ತಗಡಿನ ಅಳತೆಪಟ್ಟಿಯಿಂದ ವಾಲ್ವಿನ ಬಾಲಕ್ಕೂ ಅದನ್ನು ಒತ್ತುವ ಸನ್ನೆಗೂ ನಡುವಿನ ಸಂದಿ ಅಳೆಯುತ್ತಿದ್ದರು. ಒಂದು ದಿನ ಒಳಗೆ ಬಂದು ರೋಗಿಗಳ ಬೆಂಚಿನ ಮೇಲೆ ಕೂತುಬಿಟ್ಟರು.

"ನಂಗೆ ಅರ್ಥ ಆಗ್ತಿಲ್ಲಮ್ಮ. ಮೂವತ್ತು ವರ್ಷದಲ್ಲಿ ನೋಡಿಲ್ಲ ಇದನ್ನ. ಸವೆದ್ರೆ ಈ ಗ್ಯಾಪು ಜಾಸ್ತಿ ಆಗ್ಬೇಕು. ಲೋಕಕ್ಕೇ ಗೊತ್ತಿರೋದು. ಇದರದ್ದು ದಿನದಿಂದ ದಿನಕ್ಕೆ ಕಮ್ಮಿ ಆಗ್ತಿದೆ. ವಾಲ್ವ್ ಬೆಳೀತಿದೆಯೇನೋ ಅನ್ನೋ ಹಂಗೆ. ಕಬ್ಬಿಣ ಎಲ್ಲಾದ್ರೂ ಬೆಳೆಯುತ್ತಾ?"

"ನೋಡೋಣ ಬಿಡಿ, ಮಲ್ಲೇಶಪ್ಪನವರೇ" ಎಂದೆ. ಹೊರಗೆ ಎಂಟು ಜನ ಕಾಯುತ್ತಿದ್ದರು. ಆ ಮಾತಿಗೆ ನಾನು ಇನ್ನೂ ಸ್ವಲ್ಪ ಕಿವಿ ಕೊಡಬೇಕಿತ್ತು.

ನನ್ನದೊಂದೇ ಕಾರಾಗಿದ್ದರೆ ಅವರು ಇದನ್ನು ನನ್ನ ಹಣೆಬರಹ ಎಂದು ಬಿಡುತ್ತಿದ್ದರೋ ಏನೋ. ಆದರೆ ಅದೇ ವರ್ಷ ದಾರದಹಳ್ಳಿ ಕಡೆಯ ಪ್ಲಾಂಟರೊಬ್ಬರ ಹಳೆಯ ಕಾರಿಗೂ ಹೀಗೇ ಆಯಿತು. ಬಸ್ ಸ್ಟ್ಯಾಂಡಿನ ಒಂದು ಟ್ಯಾಕ್ಸಿಗೂ ಆಯಿತು. ಎಲ್ಲ ಅವರೇ ನೋಡಿಕೊಳ್ಳುತ್ತಿದ್ದ ಗಾಡಿಗಳು. "ಮಲ್ಲೇಶಣ್ಣ ಕಟ್ಟಿದ ಹೆಡ್ಡು ಈಗೀಗ ನಿಲ್ಲಲ್ಲ ಮಾರಾಯ" ಎಂದು ಸ್ಟ್ಯಾಂಡಿನಲ್ಲಿ ಮಾತು ಹುಟ್ಟಿತು.

ಒಂದು ಬೆಳಿಗ್ಗೆ ಅವರು ಪೆಟ್ರೋಲ್ ಬಂಕಿಗೆ ಹೋಗಿ ಜಗಳ ತೆಗೆದರು. ಎಂದೂ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ ಅಲ್ಲಿ ನಿಂತು, "ಏನು ಬೆರೆಸ್ತಿದೀರಿ ಇದಕ್ಕೆ? ಸೀಮೆಎಣ್ಣೆನಾ? ನಿಜ ಹೇಳಿ" ಎಂದು ಕೂಗಿದರಂತೆ. ಬಂಕಿನ ಯಜಮಾನರು ಒಳ್ಳೆಯವರು. ಎಲ್ಲರ ಎದುರೇ ಬಿಳಿ ಕಾಗದದ ಮೇಲೆ ಪೆಟ್ರೋಲ್ ಹನಿಸಿ ತೋರಿಸಿದರು. ಹನಿ ಆರಿತು, ಒಂದು ಕಲೆಯೂ ಉಳಿಯಲಿಲ್ಲ. ಸಾಲದೆಂದು ಮಲ್ಲೇಶಪ್ಪನವರು ಒಂದು ಬಾಟಲಿ ತಂದು ಶೆಡ್ಡಿನಲ್ಲಿ ತಾವೇ ಇನ್ನೊಮ್ಮೆ ಪರೀಕ್ಷೆ ಮಾಡಿದರು. ಪೆಟ್ರೋಲ್ ಚೊಕ್ಕಟವಾಗಿತ್ತು. ಅದೇ ಸಂಜೆ ಬಂಕಿಗೆ ಹೋಗಿ ಕೈಮುಗಿದು ಬಂದರು.

ಆಮೇಲೆ ಹಾಂದಿ ಎಂಬ ಊರಿನ ಹತ್ತಿರದ ಘಟನೆ. ಹೆರಿಗೆಯಾಗಿ ರಕ್ತ ನಿಲ್ಲದ ಒಬ್ಬ ಲೈನಿನ ಹೆಂಗಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾನೇ ಚಿಕ್ಕಮಗಳೂರಿಗೆ ಹೊರಟಿದ್ದೆ. ಮಧ್ಯಾಹ್ನ ಎರಡು ಗಂಟೆ. ಹಾಂದಿ ದಾಟಿದ ಏರಿನಲ್ಲಿ ಕಾರು ನಿಂತಿತು. ಮತ್ತೆ ಹೊರಡಲೇ ಇಲ್ಲ. ಆಕೆಯ ತಾಯಿ ಮಗುವನ್ನು ಎದೆಗವಚಿಕೊಂಡು ರಸ್ತೆಯ ಮಧ್ಯೆ ನಿಂತು ಬಂದ ಗಾಡಿಗೆಲ್ಲ ಕೈ ಅಡ್ಡ ಹಾಕಿದಳು. ನಾನು ಒಂದು ಕೈಯಲ್ಲಿ ಬಾಣಂತಿಯ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದರಲ್ಲಿ ಗ್ಲೂಕೋಸ್ ಬಾಟಲಿ ಎತ್ತಿಕೊಂಡು ಸೀಟಿನ ಪಕ್ಕ ಮಂಡಿಯೂರಿದ್ದೆ. ಅರ್ಧ ಗಂಟೆಗೆ ಒಂದು ಎಸ್ಟೇಟ್ ಜೀಪು ಸಿಕ್ಕಿತು. ಹೆಂಗಸು ಬದುಕಿದಳು. ಆದರೆ ಆ ಅರ್ಧ ಗಂಟೆಯನ್ನು ನಾನು ಮರೆಯಲಿಲ್ಲ. ಊರು ಕೂಡ ಮರೆಯಲಿಲ್ಲ.

ಮಲ್ಲೇಶಪ್ಪನವರು ಕಾರನ್ನು ಎಳೆಸಿ ತಂದು, ಒಂದು ವಾರ ಹೆಡ್ಡಿನ ಮುಂದೆ ಕೂತು ಮತ್ತೊಮ್ಮೆ ಕಟ್ಟಿದರು. ಕಾರನ್ನು ನನ್ನ ಮನೆಯ ಶೆಡ್ಡಿಗೆ ತಂದು ಬಿಟ್ಟು, ಮರುದಿನ ಕ್ಲಿನಿಕ್ಕಿಗೆ ಬಂದರು. ಸ್ನಾನ ಮಾಡಿ, ಬಿಳಿ ಶರ್ಟು ಹಾಕಿದ್ದರು. ಅವರನ್ನು ಮಸಿಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ನನ್ನ ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟರು.

"ಇದನ್ನ ನೋಡಿ ಅಮ್ಮ."

"ಏನಾಗಿದೆ?"

"ಅದನ್ನ ನೀವು ಹೇಳ್ಬೇಕು. ಗಾಡಿ ಸರಿ ಇದೆ. ಸಾಮಾನು ಸರಿ ಇದೆ. ಪೆಟ್ರೋಲ್ ಸರಿ ಇದೆ. ಇನ್ನು ಉಳಿದಿರೋದು ಇದೊಂದೇ."

ನಾನು ನೋಡಿದೆ. ಬೆರಳು ಅಗಲಿಸಿ ಚಾಚಲು ಹೇಳಿದೆ. ಬಹಳ ಸಣ್ಣಗೆ ಕಂಪಿಸಿದಂತೆ ಕಂಡಿತು. ಒಂದು ವಾರ ಸರಿಯಾಗಿ ಉಂಡು ಮಲಗದ, ಅರವತ್ತರ ಹತ್ತಿರದ ಯಾರ ಕೈಯಾದರೂ ಅಷ್ಟು ಕಂಪಿಸುತ್ತದೆ. ಟಾರ್ಚ್ ಹಾಕಿ ಕಣ್ಣು ನೋಡಿದೆ. ಎಡಗಣ್ಣಿನಲ್ಲಿ ಪೊರೆ ಶುರುವಾಗಿತ್ತು, ತೀರ ಸ್ವಲ್ಪ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹಾಂದಿಯ ರಸ್ತೆ ನನ್ನ ಕಣ್ಣ ಮುಂದಿತ್ತು.

"ವಯಸ್ಸಾಯ್ತಲ್ಲ ಮಲ್ಲೇಶಪ್ಪನವರೇ. ಕೈ ಸ್ವಲ್ಪ ನಡುಗ್ತಿದೆ, ಕಣ್ಣಿಗೂ ಪೊರೆ ಬರ್ತಿದೆ. ಸೂಕ್ಷ್ಮ ಕೆಲಸ ಇನ್ನು ಬಿಡೋದು ಒಳ್ಳೇದು" ಎಂದೆ.

ದನಿ ಮೆತ್ತಗೆ ಮಾಡಿಯೇ ಹೇಳಿದೆ. ಅವರು ತಲೆಯಾಡಿಸಿದರು. ಕೊನೆಗೂ ಕಾರಣ ಸಿಕ್ಕಿತಲ್ಲ ಎಂಬ ಒಂದು ಥರದ ಸಮಾಧಾನ ಅವರ ಮುಖದಲ್ಲಿ ಕಂಡಿತು. "ನಂಗೂ ಹಂಗೇ ಅನ್ನಿಸ್ತಿತ್ತಮ್ಮ. ಪಾಪ, ಅದು ಎಷ್ಟು ಹೇಳ್ತಿತ್ತು, ನಾನೇ ಕೇಳಿಸ್ಕೊಳ್ಲಿಲ್ಲ" ಎಂದು ಎದ್ದರು. ತಿಂಗಳೊಳಗೆ ಶೆಡ್ಡು ಖಾಲಿಯಾಯಿತು. ಡಾಕ್ಟರಮ್ಮನೇ ಹೇಳಿದರಂತೆ, ಕೈ ಹೋಗಿದೆಯಂತೆ ಎಂದು ಊರು ಹೇಳಿತು. ಅದು ನಾನು ಹೇಳಿದ್ದೇ ತಾನೆ.

ಆ ಕಾರನ್ನು ಹತ್ತಲು ನನಗೆ ಧೈರ್ಯ ಸಾಲಲಿಲ್ಲ. ಒಂದು ಸಣ್ಣ ಹೊಸ ಕಾರು ಕೊಂಡೆ. ಹಳೆಯದು ಎರಡು ವರ್ಷ ಮನೆಯ ಶೆಡ್ಡಿನಲ್ಲಿ ನಿಂತಿತ್ತು. ಮಾರಲೂ ಮನಸ್ಸು ಬಾರದೆ, ಒಮ್ಮೆ ಸರಿಯಾಗಿ ಮಾಡಿಸಿಬಿಡೋಣ ಎಂದು ಚಿಕ್ಕಮಗಳೂರಿನ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಹೆಡ್ ಬಿಚ್ಚಿ, ಇದನ್ನು ಹಾಸನದಲ್ಲಿ ಇಂಥ ಲೇತ್ ಅಂಗಡಿಯಲ್ಲಿ ತೋರಿಸಿ, ಹಳೆಯ ಎಂಜಿನ್ ಬಲ್ಲವರೊಬ್ಬರಿದ್ದಾರೆ ಎಂದ. ಹಾಸನದಲ್ಲಿ ನನ್ನ ತಂಗಿಯ ಮನೆಯಿದೆ. ಹೊಸ ಕಾರಿನ ಡಿಕ್ಕಿಯಲ್ಲಿ ಹೆಡ್ ಹಾಕಿಕೊಂಡು ನಾನೇ ಹೋದೆ.

ಲೇತ್ ಅಂಗಡಿಯವರು ಬಿಳಿ ಗಡ್ಡದ ಸಾಬರು. ಹೆಡ್ಡನ್ನು ಮಗುಚಿಟ್ಟು, ಬೀಡಿ ಆರಿಸಿ, ಹೊಗೆ ಹೋಗುವ ರಂಧ್ರದೊಳಗೆ ಪೆಟ್ರೋಲ್ ಸುರಿದು, ವಾಲ್ವಿನ ಅಂಚಿನಲ್ಲಿ ಸೋರುತ್ತದೆಯೇ ಎಂದು ಕಾದರು. ಆಮೇಲೆ ವಾಲ್ವುಗಳನ್ನು ಬಿಚ್ಚಿ, ಅವು ಕೂರುವ ಜಾಗಕ್ಕೆ ಉಗುರು ತಾಗಿಸಿ ನೋಡಿದರು.

"ಯಾರು ಕಟ್ಟಿದ್ದು ಇದನ್ನ?"

"ನಮ್ಮೂರಿನ ಒಬ್ಬರು. ಅವರ ಕೈ..." ಎಂದು ಶುರು ಮಾಡಿದೆ.

"ಏನು ಕೈ ರೀ ಅದು!" ಎಂದರು. "ಎರಡು ವರ್ಷ ನಿಂತಿರೋ ಹೆಡ್ಡು ಅಂತೀರಿ. ಪೆಟ್ರೋಲ್ ಸುರಿದೆ, ಒಂದು ಹನಿ ಇಳೀಲಿಲ್ಲ. ಈ ಉಜ್ಜಿರೋ ಗೆರೆ ನೋಡಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಈಗಿನ ಹುಡುಗರ ಕೈಲಿ ಆಗಲ್ಲ ಇದು, ನನ್ನ ಕೈಲೂ ಆಗಲ್ಲ."

ಅಲ್ಲಿದ್ದ ಡಬ್ಬದ ಮೇಲೆ ಕೂತೆ.

"ಹಾಗಾದರೆ ಮತ್ತೆ ಮತ್ತೆ ಸುಡುತ್ತಿದ್ದದ್ದು ಯಾಕೆ?"

"ಮೊದಲು ಪೆಟ್ರೋಲಿಗೆ ಸೀಸ ಹಾಕ್ತಿದ್ರು ಅಮ್ಮ. ಹಳೇ ಗಾಡಿಗಳಲ್ಲಿ ವಾಲ್ವ್ ಕೂರೋ ಜಾಗ ಮೆತ್ತನೆ ಕಬ್ಬಿಣ. ಆ ಸೀಸವೇ ಅದಕ್ಕೆ ಹಾಸಿಗೆ ಆಗಿತ್ತು. ಹೊಗೆ ಕೆಟ್ಟದ್ದು ಅಂತ ದೇಶದಲ್ಲೆಲ್ಲ ಸೀಸ ತೆಗೆದ್ರಲ್ಲ, ಅಲ್ಲಿಂದ ಶುರು. ವಾಲ್ವ್ ಬಡಿದು ಬಡಿದು ಆ ಜಾಗ ಕೆಳಗಿಳೀತಾ ಹೋಗುತ್ತೆ. ವಾಲ್ವ್ ಒಳಗಿಳಿದ್ರೆ ಅದರ ಬಾಲ ಮೇಲೆ ಬರುತ್ತೆ, ಮೇಲಿನ ಗ್ಯಾಪ್ ಮುಚ್ಚಿಹೋಗುತ್ತೆ. ಆಮೇಲೆ ಬಾಯಿ ಪೂರ್ತಿ ಮುಚ್ಚಲ್ಲ, ಸುಡುತ್ತೆ. ಘಾಟಿ ಹತ್ತೋ ಗಾಡಿಗೆ ಇನ್ನೂ ಬೇಗ. ಗಟ್ಟಿ ಉಕ್ಕಿನ ಉಂಗುರ ಕೂರಿಸ್ಬೇಕು ಅಷ್ಟೆ. ಮುಗೀತು."

ವಾಲ್ವ್ ಬೆಳೀತಿದೆಯೇನೋ ಅನ್ನೋ ಹಂಗೆ ಎಂದಿದ್ದರು. ಅವರು ಕಂಡದ್ದು ಸರಿಯಾಗಿಯೇ ಇತ್ತು. ಬಂಕಿಗೆ ಹೋಗಿ ಜಗಳ ತೆಗೆದಾಗಲೂ ಸರಿಯಾದ ಬಾಗಿಲನ್ನೇ ತಟ್ಟಿದ್ದರು. ಬೆರೆಸಿದ್ದನ್ನು ಹುಡುಕಿದರು, ತೆಗೆದದ್ದನ್ನು ಹುಡುಕುವುದು ಯಾರಿಗೆ ಹೊಳೆಯುತ್ತದೆ? ಕೊನೆಗೆ ಕೈ ಹಿಡಿದುಕೊಂಡು ನನ್ನ ಬಳಿ ಬಂದರು. ನಾನು ಐದು ನಿಮಿಷದಲ್ಲಿ ಕಾರಣ ಬರೆದುಕೊಟ್ಟೆ.

ಮರುದಿನವೇ ಜವಳಿ ಅಂಗಡಿಗೆ ಹೋದೆ. ಅಣ್ಣನ ಪಕ್ಕ ಗಾದಿಯ ಮೇಲೆ ಮಲ್ಲೇಶಪ್ಪನವರು ಕೂತಿದ್ದರು. ವಿಭೂತಿ ಅಳಿಸಿರಲಿಲ್ಲ. ಬಿಡಿಸಿದ ಸೀರೆಗಳನ್ನು ಮಡಿಸಿಡುವುದು ಅವರ ಕೆಲಸ. ನಾನು ಎಲ್ಲ ಹೇಳಿದೆ, ಸಾಬರು ಹೇಳಿದ್ದನ್ನು ಒಂದು ಅಕ್ಷರ ಬಿಡದೆ. ಮಡಿಸುತ್ತಿದ್ದ ಸೀರೆ ತೊಡೆಯ ಮೇಲೇ ಉಳಿಯಿತು.

"ಸೀಸ" ಎಂದರು. "ಹಂಗಾದ್ರೆ ಆ ಟ್ಯಾಕ್ಸಿದೂ ಅದೇ. ದಾರದಹಳ್ಳಿಯವ್ರದ್ದೂ ಅದೇ."

"ನಿಮ್ಮ ಕೈಗೆ ಏನೂ ಆಗಿರಲಿಲ್ಲ ಮಲ್ಲೇಶಪ್ಪನವರೇ. ನಾನು ತಪ್ಪು ಹೇಳಿದೆ. ನೀವೇ ಬಂದು ಹೆಡ್ ಕಟ್ಟಿಕೊಡಬೇಕು."

ಅವರು ಕೈ ಎತ್ತಿ ನನ್ನ ಎದುರು ಹಿಡಿದರು. ಈಗ ಅದು ಎದ್ದು ಕಾಣುವಂತೆ ನಡುಗುತ್ತಿತ್ತು.

"ಆವಾಗ ಇದು ಇರ್ಲಿಲ್ವೇನೋ. ನೀವು ಹೇಳಿದ್ಮೇಲೆ ದಿನಾ ನೋಡ್ಕೊಳ್ಳೋಕೆ ಶುರು ಮಾಡ್ದೆ" ಎಂದರು. ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಒಳ್ಳೆಯದಿತ್ತು.

ಅಣ್ಣ ಕಾಫಿ ತರಿಸಿದರು. ಹೊರಡುವಾಗ ಮಲ್ಲೇಶಪ್ಪನವರು ಚಪ್ಪಲಿ ಮೆಟ್ಟಿ ಅಂಗಡಿಯ ಮೆಟ್ಟಿಲವರೆಗೆ ಬಂದರು. ಮುಖದಲ್ಲಿ ಹಳೆಯ ಕಳೆ ಸ್ವಲ್ಪ ಬಂದಿತ್ತು.

"ಆ ಉಂಗುರ ಹೆಂಗೆ ಕೂರಿಸ್ತಾರಂತೆ? ಬಡಿದು ಕೂರಿಸಿದ್ರೆ ಬಿಸಿಗೆ ಸಡಿಲ ಆಗಿ ಕಳಚಿ ಬೀಳುತ್ತಲ್ಲ."

"ಕೇಳಲಿಲ್ಲ."

"ಛೆ. ಕೇಳ್ಬೇಕಿತ್ತಮ್ಮ" ಎಂದರು. ಹದಿನೈದು ವರ್ಷದಲ್ಲಿ ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

ಮುಂದಿನ ಸಲ ಕೇಳಿಕೊಂಡು ಬರುತ್ತೇನೆ ಎಂದೆ. ಆ ವರ್ಷ ಊರಿಗೆಲ್ಲ ಜ್ವರ. ಕ್ಲಿನಿಕ್ ಬಿಟ್ಟು ಏಳಲಾಗಲಿಲ್ಲ. ಉಂಗುರ ಕೂರಿಸಲು ಬಿಟ್ಟು ಬಂದಿದ್ದ ಹೆಡ್ ತರಲು ಹಾಸನಕ್ಕೆ ಹೋದಾಗ ಏಳು ವಾರ ಕಳೆದಿತ್ತು. ಸಾಬರನ್ನು ಕೇಳಿ ತಿಳಿದುಕೊಂಡು ಬಂದೆ. ಬಂದ ದಿನ ಜವಳಿ ಅಂಗಡಿಯ ಬಾಗಿಲು ಹಾಕಿತ್ತು. ಹಿಂದಿನ ದಿನ ನಾನಿಲ್ಲದಾಗ, ಎದೆನೋವು ಎಂದು ಮಲ್ಲೇಶಪ್ಪನವರನ್ನು ಚಿಕ್ಕಮಗಳೂರಿಗೆ ಕರೆದೊಯ್ದಿದ್ದರು. ದಾರಿಯಲ್ಲೇ ತೀರಿಕೊಂಡಿದ್ದರು.

ಮನೆಗೆ ಹೋದೆ. ಶಾಂತಮ್ಮ ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದರು. ಅವರ ಎದುರು ಕೂತೆ. ಅವರೇ ಕೇಳಿದರು.

"ಆ ಉಂಗುರ ಹೆಂಗೆ ಕೂರಿಸ್ತಾರಂತೆ ಡಾಕ್ಟರಮ್ಮ? ನೀವು ಕೇಳ್ಕೊಂಡು ಬರ್ತೀರಿ ಅಂತ ಇವ್ರು ದಿನಾ ಹೇಳ್ತಿದ್ರು."

ಹೇಳಿದೆ. ಹೆಡ್ಡನ್ನು ಬಿಸಿ ಮಾಡುತ್ತಾರೆ. ಉಂಗುರವನ್ನು ಐಸಿನಲ್ಲಿಟ್ಟು ತಣ್ಣಗೆ ಮಾಡುತ್ತಾರೆ. ತಣ್ಣಗಾದಾಗ ಉಂಗುರ ಕೂದಲೆಳೆಯಷ್ಟು ಕುಗ್ಗುತ್ತದೆ, ಆಗ ಕೂರಿಸುತ್ತಾರೆ. ಎರಡೂ ಒಂದೇ ಹದಕ್ಕೆ ಬಂದ ಮೇಲೆ ಯಾರು ಎಳೆದರೂ ಬರುವುದಿಲ್ಲ.

ಶಾಂತಮ್ಮ ಸೆರಗಿನ ತುದಿ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡರು.

"ಐಸಿನಲ್ಲಾ?"

"ಹೌದು, ಐಸಿನಲ್ಲಿ."

"ತಣ್ಣಗೆ ಮಾಡಿಯೇ ಕೂರಿಸ್ಬೇಕು, ಬೇರೆ ದಾರಿ ಇಲ್ಲ ಅಂತ ಮೊನ್ನೆ ಊಟಕ್ಕೆ ಕೂತಾಗ ಅಂದಿದ್ರು" ಎಂದರು.